ಮೂರು ಕೆಲಸದ ದಿನ

ನನಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ. ಮೈಸೂರಿನಲ್ಲಿದ್ದಾಗ ಅಮ್ಮ ಇದನ್ನು ಹೇಳುತ್ತಿದ್ದಳು, ಈಗ ಮಲಯ್ ನಾಡಿನ ಪುಚೊಂಗ್‌ನಲ್ಲಿ ಮಗಳು ಇಂಗ್ಲಿಷಿನಲ್ಲಿ ಹೇಳುತ್ತಾಳೆ. ಇಬ್ಬರಿಗೂ ಉತ್ತರವಾಗಿ ನಾನು ಇನ್ನಷ್ಟು ಕೋಪ ಮಾಡಿಕೊಂಡಿದ್ದೇನೆ. ಆದರೆ ಒಬ್ಬ ಹಿರಿಯರ ಮೇಲೆ ಎರಡು ಸಲ ಸುರಿದ ಕೋಪ ಮಾತ್ರ ಈಗಲೂ ನನ್ನನ್ನು ಸುಮ್ಮನೆ ಬಿಡುವುದಿಲ್ಲ.

ಪೆಟಾಲಿಂಗ್ ಜಯಾದಲ್ಲಿ ನಾನಿದ್ದ ಕಂಪನಿ ಆಸ್ಪತ್ರೆಗಳಿಗೆ ಮಂಚ, ಗಾಲಿಕುರ್ಚಿ ಒದಗಿಸುತ್ತಿತ್ತು. ಅಲ್ಲಿಯ ಅಕೌಂಟಿಂಗ್ ಸಾಫ್ಟ್‌ವೇರ್ ನೋಡಿಕೊಳ್ಳುವುದು ನನ್ನ ಕೆಲಸ. ಸಾಮಾನು ಬಂದರೆ ಒಂದು ಎಂಟ್ರಿ, ಹೋದರೆ ಒಂದು ಎಂಟ್ರಿ, ಪ್ರತಿ ಎಂಟ್ರಿಗೂ ಒಂದು ದಿನಾಂಕ. ಯಾವ ದಿನದಿಂದ ಯಾವ ದಿನದವರೆಗಿನ ದಿನಾಂಕ ಹಾಕಬಹುದು ಎಂದು ತಿಳಿಸಲು ಸಾಫ್ಟ್‌ವೇರಿನಲ್ಲಿ ಎರಡು ಚೌಕಗಳಿದ್ದವು. ಅದರಾಚೆಗಿನ ದಿನಾಂಕ ಒತ್ತಿದರೆ ಕೆಂಪು ಅಕ್ಷರದಲ್ಲಿ ಆಗುವುದಿಲ್ಲ ಎಂದು ಬರುತ್ತಿತ್ತು. ಈ ಬೀಗ ಇಲ್ಲದಿದ್ದರೆ ಮುಗಿದ ತಿಂಗಳಿಗೆ ಯಾರು ಬೇಕಾದರೂ ಏನು ಬೇಕಾದರೂ ತುರುಕಬಹುದು. ಬೀಗ ಸಡಿಲವಿದ್ದ ಒಂದು ದಿನ ಸೇಲ್ಸ್‌ನವನೊಬ್ಬ ವರ್ಷ ತಪ್ಪಾಗಿ ಒತ್ತಿ, ಗಾಲಿಕುರ್ಚಿಯೊಂದನ್ನು ಹತ್ತು ವರ್ಷ ಮುಂದಕ್ಕೆ ಡೆಲಿವರಿ ಮಾಡಿಬಿಟ್ಟಿದ್ದ.

ತಿಂಗಳು ಮುಗಿದ ಮೇಲೆ ಮೂರು ಕೆಲಸದ ದಿನ ಹಿಂದಿನ ತಿಂಗಳು ತೆರೆದಿರಬೇಕು, ಆಮೇಲೆ ಮುಚ್ಚಬೇಕು. ಇದು ನಿಯಮ. ಅಕೌಂಟ್ಸ್ ವಿಭಾಗದ ಮುಖ್ಯಸ್ಥೆ ಇದನ್ನು ವರ್ಷಗಟ್ಟಲೆ ಕೈಯಲ್ಲೇ ಮಾಡುತ್ತಿದ್ದರು. ಇಲ್ಲೇ ಹುಟ್ಟಿ ಬೆಳೆದ ತಮಿಳು ಹೆಂಗಸು, ಆಫೀಸಿಗೆಲ್ಲ ಅಕ್ಕ. ಪ್ರತಿ ತಿಂಗಳ ಮೊದಲ ವಾರ ಅಕ್ಕನ ಮೇಜಿನ ಮುಂದೆ ಸಾಲು ನಿಲ್ಲುತ್ತಿತ್ತು. ‘ಅಕ್ಕಾ, ಅರ್ಧ ಗಂಟೆ ತೆಗೀರಿ ಲಾ, ಒಂದೇ ಒಂದು ಎಂಟ್ರಿ.’ ಮಾತಿನ ಕೊನೆಗೊಂದು ‘ಲಾ’ ಸೇರಿಸುವುದು ಇಲ್ಲಿಯವರ ಅಭ್ಯಾಸ. ಅಕ್ಕ ಬೈಯುತ್ತಲೇ ತೆಗೆಯುತ್ತಿದ್ದರು, ಕೆಲವೊಮ್ಮೆ ಮುಚ್ಚಲು ಮರೆಯುತ್ತಿದ್ದರು.

ಅದನ್ನೆಲ್ಲ ನೋಡಿ ನನಗೆ ಮೈ ಉರಿಯುತ್ತಿತ್ತು. ಇಷ್ಟಕ್ಕೆ ಮನುಷ್ಯರು ಯಾಕೆ ಬೇಕು? ಸಾಫ್ಟ್‌ವೇರೇ ದಿನಾ ಸಂಜೆ ಆರಕ್ಕೆ ಕ್ಯಾಲೆಂಡರ್ ನೋಡಿ, ಮೂರು ಕೆಲಸದ ದಿನ ಆಗಿದೆಯೇ ಎಂದು ಎಣಿಸಿ, ತಾನೇ ಬೀಗ ಹಾಕಿಕೊಳ್ಳುವಂತೆ ಮಾಡಿದೆ. ಶನಿವಾರ, ಭಾನುವಾರ, ಸರ್ಕಾರಿ ರಜೆ ಲೆಕ್ಕಕ್ಕಿಲ್ಲ. ಶುರು ಮಾಡುವ ಮೊದಲು ಅಕ್ಕನ ಎದುರು ಕೂತು ನಿಯಮ ಕೇಳಿದೆ. ‘ಮೂರು ಕೆಲಸದ ದಿನ, ಅಷ್ಟೇಮ್ಮಾ’ ಅಂದರು. ನಾನೂ ಅಷ್ಟನ್ನೇ ಬರೆದುಕೊಂಡೆ.

ಮೊದಲ ನಾಲ್ಕು ತಿಂಗಳು ಹೂವಿನ ಹಾಗೆ ನಡೆಯಿತು. ಅಕ್ಕನ ಮುಂದಿನ ಸಾಲು ಮಾಯವಾಯಿತು. ನಮ್ಮ ಡೈರೆಕ್ಟರ್ ಮೀಟಿಂಗಿನಲ್ಲಿ ಎಲ್ಲರೆದುರು ಹೊಗಳಿದರು. ನನಗೆ ಎರಡು ಕೊಂಬು ಬಂದವು ಎಂದರೆ ಸುಳ್ಳಲ್ಲ. ಯಾರಾದರೂ ತಡವಾಗಿ ಬಂದು ಗೋಗರೆದರೆ ‘ಸಿಸ್ಟಂ ಮುಖ ನೋಡಲ್ಲ’ ಎನ್ನುವುದು ನನ್ನ ಹೊಸ ಮಾತಾಯಿತು. ಅದನ್ನು ಹೇಳುವಾಗ ಬಹಳ ಖುಷಿಯೂ ಆಗುತ್ತಿತ್ತು, ಈಗ ಒಪ್ಪಿಕೊಳ್ಳುತ್ತೇನೆ.

ಫೆಬ್ರವರಿಯ ಮೊದಲ ಭಾನುವಾರ, ಬೆಳಿಗ್ಗೆ. ನಾನು ದೋಸೆ ಹುಯ್ಯುತ್ತಿದ್ದೆ. ಫೋನ್ ಬಂತು. ದೇಶದ ಆ ತುದಿಯ ಕೆಲಾಂತನ್ ರಾಜ್ಯದಲ್ಲಿ, ಕೋಟಾ ಭಾರುವಿನಲ್ಲಿ ನಮ್ಮದೊಂದು ಗೋದಾಮಿತ್ತು. ಅಲ್ಲಿಯ ಸ್ಟೋರ್‌ಕೀಪರ್, ಅರವತ್ತರ ಹತ್ತಿರದ ಮಲಯ್ ಹಿರಿಯರು, ಫೋನ್ ಮಾಡಿದ್ದರು. ಅವರನ್ನು ಎಲ್ಲರೂ ಪಾಕ್ ಚಿಕ್ ಎನ್ನುತ್ತಿದ್ದರು, ಚಿಕ್ಕಪ್ಪ ಎಂದ ಹಾಗೆ. ಅವರು ನನ್ನನ್ನು ಪುವಾನ್ ಎನ್ನುತ್ತಿದ್ದರು, ಮೇಡಂ ಎಂದ ಹಾಗೆ. ನಮ್ಮ ಮಾತು ಅರ್ಧ ಇಂಗ್ಲಿಷ್, ಅರ್ಧ ನನ್ನ ಮುರುಕು ಮಲಯ್.

‘ಪುವಾನ್, ಬೇಜಾರು ಮಾಡ್ಕೋಬೇಡಿ. ಹೋದ ತಿಂಗಳ ಆರು ಮಂಚದ ಡೆಲಿವರಿ ಚೀಟಿ ಇದೆ. ಎಂಟ್ರಿ ಹಾಕಕ್ಕೆ ಹೋದ್ರೆ ಕೆಂಪಕ್ಷರ ಬರ್ತಿದೆ.’

‘ಬರದೇ ಏನು ಮಾಡುತ್ತೆ? ಮೂರು ದಿನ ಮುಗಿದು ಬೀಗ ಬಿತ್ತಲ್ಲ.’

‘ನನ್ನ ಲೆಕ್ಕದಲ್ಲಿ ಇವತ್ತು ಮೂರನೇ ದಿನ…’

‘ಕಂಪ್ಯೂಟರ್ ಲೆಕ್ಕ ತಪ್ಪಲ್ಲ ಪಾಕ್ ಚಿಕ್. ನೀವೇ ಎಲ್ಲೋ ಒಂದು ದಿನ ಮರ್ತಿದ್ದೀರಿ. ವಯಸ್ಸಾಯ್ತಲ್ಲ! ಭಾನುವಾರನಾದ್ರೂ ನಮ್ಮನ್ನ ನೆಮ್ಮದಿಯಾಗಿರಕ್ಕೆ ಬಿಡಿ.’

ಅವರು ಮೆಲ್ಲಗೆ ನಕ್ಕು, ‘ಇರಬಹುದು ಪುವಾನ್’ ಎಂದು ಫೋನ್ ಇಟ್ಟರು. ಕಾವಲಿಯ ಮೇಲೆ ದೋಸೆ ಸೀದಿತ್ತು, ಅದಕ್ಕೂ ಅವರನ್ನೇ ಬೈದುಕೊಂಡೆ. ಭಾನುವಾರ ಗೋದಾಮಿನಲ್ಲಿ ಇದ್ದಾರೆ ಎಂದರೆ ತಡವಾದದ್ದನ್ನು ಮುಚ್ಚಿಕೊಳ್ಳಲು ಬಂದಿದ್ದಾರೆ ಎಂದೇ ನನ್ನ ತೀರ್ಮಾನ.

ಆ ಆರು ಮಂಚಗಳಿಂದ ಗಲಾಟೆಯಾಯಿತು. ಎಂಟ್ರಿ ಬೀಳದ್ದರಿಂದ ಅವು ಇನ್ನೂ ಕೋಟಾ ಭಾರುವಿನಲ್ಲೇ ಇವೆ ಎಂದು ತಿಂಗಳ ಪಟ್ಟಿ ತೋರಿಸಿತು. ಅದನ್ನು ನಂಬಿ ಸೇಲ್ಸ್‌ನವರು ಇನ್ನೊಂದು ಆಸ್ಪತ್ರೆಗೆ ಮಾತು ಕೊಟ್ಟರು. ಲಾರಿ ಹೋಗಿ ನೋಡಿದರೆ ಮಂಚವೇ ಇಲ್ಲ. ಡೈರೆಕ್ಟರ್ ಆಸ್ಪತ್ರೆಯವರಿಂದ ಚೆನ್ನಾಗಿ ಉಗಿಸಿಕೊಂಡರು.

ಮಾರ್ಚ್ ಮೊದಲ ಭಾನುವಾರ ಮತ್ತೆ ಅದೇ ಫೋನ್. ಕಾರಿನಲ್ಲಿದ್ದೆವು, ಗಂಡ ಓಡಿಸುತ್ತಿದ್ದ, ಮಗಳು ಹಿಂದೆ ಕೂತಿದ್ದಳು.

‘ಪುವಾನ್, ಈ ಸಲ ಬೆರಳು ಮಡಚಿ ಎಣಿಸಿದೀನಿ. ಆದ್ರೂ ಬೀಗ ಬಿದ್ದಿದೆ.’

‘ಪಾಕ್ ಚಿಕ್, ಗೋಡೆ ಮೇಲೊಂದು ಕ್ಯಾಲೆಂಡರ್ ಹಾಕ್ಕೊಳ್ಳಿ. ದಿನಾ ಒಂದು ಗೀಟು ಹೊಡೀರಿ. ಆಗ ದಿನ ಕಳ್ದು ಹೋಗಲ್ಲ.’

ಫೋನ್ ಇಟ್ಟ ಮೇಲೆ ಗಂಡ, ‘ದೊಡ್ಡೋರ ಹತ್ರ ಹೀಗಾ ಮಾತಾಡೋದು?’ ಅಂದ. ಮಗಳು, ‘ಅಮ್ಮಾ, ಸೋ ರೂಡ್ ಲಾ’ ಅಂದಳು. ಇಬ್ಬರಿಗೂ ಬಾಯಿ ಮುಚ್ಚಿಕೊಂಡಿರಲು ಹೇಳಿದೆ.

ಪಾಕ್ ಚಿಕ್‌ಗೆ ಏಪ್ರಿಲ್ ಕೊನೆಗೆ ಅರವತ್ತು ತುಂಬಿ ನಿವೃತ್ತಿ. ಕಿರಿಯ ಮಗಳ ಓದು ಮುಗಿಯುವುದಕ್ಕೆ ಇನ್ನೆರಡು ವರ್ಷವಿದೆ, ಅಲ್ಲಿಯವರೆಗೆ ಮುಂದುವರಿಸಿ ಎಂದು ಅವರು ಅರ್ಜಿ ಕೊಟ್ಟಿದ್ದರು. ಡೈರೆಕ್ಟರ್ ನನ್ನಿಂದ ಸಿಸ್ಟಂ ದಾಖಲೆ ತರಿಸಿಕೊಂಡರು. ನಾನು ಒಂದು ಹಾಳೆಯಲ್ಲಿ ಚೊಕ್ಕವಾಗಿ ತೆಗೆದುಕೊಟ್ಟೆ: ಇಪ್ಪತ್ತು ಚಿಲ್ಲರೆ ವರ್ಷದ ನೌಕರ, ಎರಡು ತಿಂಗಳು ಸತತ ತಡ. ಮೂರು ಕೆಲಸದ ದಿನ ಕೊಟ್ಟರೂ ಎಂಟ್ರಿ ಹಾಕಿಲ್ಲ, ಆದ್ದರಿಂದ ಮುಂದುವರಿಸಲಾಗದು ಎಂದು ಪತ್ರ ಹೋಯಿತು. ಅದಕ್ಕೆ ಅವರು ‘ತಪ್ಪಾಯಿತು, ನೆನಪು ಕೈಕೊಡುತ್ತಿದೆ’ ಎಂದು ಬರೆದು ಸಹಿ ಹಾಕಿ ಕಳಿಸಿದರು. ವಾದ ಮಾಡಲಿಲ್ಲ.

ಆ ಉತ್ತರ ಅಕ್ಕನ ಮೇಜಿಗೆ ಬಂದದ್ದು ಒಂದು ಮಧ್ಯಾಹ್ನ. ನಾವಿಬ್ಬರೂ ನಾಸಿ ಲೆಮಾಕ್, ಅಂದರೆ ತೆಂಗಿನಹಾಲಿನ ಅನ್ನ, ಹೋಟೆಲಿನಿಂದ ಕಟ್ಟಿಸಿಕೊಂಡು ತಂದು ಪೊಟ್ಟಣ ಬಿಚ್ಚಿದ್ದೆವು. ಅಕ್ಕ ಓದಿ ಕನ್ನಡಕ ತೆಗೆದರು.

‘ಈ ಮನುಷ್ಯ ತಡ ಮಾಡೋನಲ್ಲಮ್ಮಾ. ಭಾನುವಾರ ನೀನು ಅವರಿಗೆ ತೆಗೆದುಕೊಡ್ಲಿಲ್ವಾ?’

‘ಭಾನುವಾರ ಯಾಕೆ ತೆಗೀಬೇಕು?’

‘ಯಾಕೆ ಅಂದ್ರೆ? ಅಲ್ಲಿ ವಾರದ ರಜೆ ಶುಕ್ರವಾರ, ಶನಿವಾರ. ಭಾನುವಾರ ಅವರಿಗೆ ನಮ್ಮ ಸೋಮವಾರ ಇದ್ದ ಹಾಗೆ ಲಾ. ನಾನು ಭಾನುವಾರ ಬೆಳಿಗ್ಗೆ ಮನೆಯಿಂದಲೇ ತೆಗೀತಿದ್ದೆ.’

‘ನೀವು ನನಗೆ ಹೇಳ್ಲಿಲ್ಲ ಅಕ್ಕ.’

‘ಕೆಲಸದ ದಿನ ಅಂದ್ನಲ್ಲ. ಅವರ ಕೆಲಸದ ದಿನ ಅವರದ್ದು. ಏಳು ವರ್ಷ ಆಯ್ತಲ್ಲ ನೀನು ಈ ದೇಶಕ್ಕೆ ಬಂದು, ಇಷ್ಟೂ ಗೊತ್ತಿಲ್ಲ ಅಂತ ನನಗೇನು ಗೊತ್ತು?’

ನನಗೆ ಗೊತ್ತಿತ್ತು, ಅದೇ ನಾಚಿಕೆಗೇಡು. ಆ ಕಡೆ ಕೆಲವು ರಾಜ್ಯಗಳಲ್ಲಿ ಶುಕ್ರವಾರ ರಜೆ ಎಂದು ಬಂದ ವರ್ಷವೇ ಕೇಳಿದ್ದೆ. ಆದರೆ ಭಾನುವಾರ ಎಂದರೆ ರಜೆ ಎನ್ನುವುದು ಮೈಸೂರಿನಿಂದ ನನ್ನ ರಕ್ತದಲ್ಲೇ ಬಂದಿತ್ತು. ಊಟ ಬಿಟ್ಟು ಹೋಗಿ ಕ್ಯಾಲೆಂಡರ್ ತೆಗೆದೆ. ತಿಂಗಳ ಒಂದನೇ ತಾರೀಖು ಬುಧವಾರ ಬಿದ್ದರೆ ನನ್ನ ಸಿಸ್ಟಂ ಬುಧ, ಗುರು, ಶುಕ್ರ ಎಣಿಸಿ ಶುಕ್ರವಾರ ಸಂಜೆ ಬೀಗ ಹಾಕುತ್ತದೆ. ಪಾಕ್ ಚಿಕ್‌ಗೆ ಬುಧ, ಗುರು, ಆಮೇಲೆ ಭಾನುವಾರ. ಬುಧವಾರ ಬಿಟ್ಟು ಬೇರೆ ದಿನ ಶುರುವಾದ ತಿಂಗಳಲ್ಲಿ ಅವರಿಗೆ ತೊಂದರೆಯಿಲ್ಲ, ಅದಕ್ಕೇ ಮೊದಲ ನಾಲ್ಕು ತಿಂಗಳು ಏನೂ ಕಾಣಲಿಲ್ಲ. ಫೆಬ್ರವರಿ ಬುಧವಾರ ಶುರುವಾಗಿತ್ತು. ಅದಕ್ಕೆ ಇಪ್ಪತ್ತೆಂಟೇ ದಿನ, ಹಾಗಾಗಿ ಮಾರ್ಚ್ ಕೂಡ ಬುಧವಾರವೇ. ಒಳನಾಡಿಗೆ ಹೋದ ಲಾರಿ ಸಹಿಯಾದ ಚೀಟಿ ಹೊತ್ತು ಗುರುವಾರ ಸಂಜೆ ವಾಪಸಾಗುತ್ತದೆ, ಅವರು ಮುಂದಿನ ಕೆಲಸದ ದಿನ ಕೂತು ಎಂಟ್ರಿ ಹಾಕುತ್ತಾರೆ. ಎರಡು ಸಲವೂ ಅವರು ಸರಿಯಾಗಿ ಮೂರನೇ ದಿನ ಬಂದಿದ್ದರು. ಎರಡು ಸಲವೂ ನಾನು ಅವರಿಗೇ ಮರೆವು ಎಂದಿದ್ದೆ.

ಥೂ ನನ್ನ ಜನ್ಮವೇ, ಎಂದು ಬಚ್ಚಲುಮನೆಗೆ ಹೋಗಿ ಅತ್ತೆ. ಸುಳ್ಳು ಯಾಕೆ, ಸುಮ್ಮನಿದ್ದುಬಿಟ್ಟರೆ ಎಂಬ ಯೋಚನೆಯೂ ಬಂತು. ಅವರೇ ತಪ್ಪೊಪ್ಪಿಕೊಂಡು ಸಹಿ ಹಾಕಿದ್ದಾರೆ, ಯಾರಿಗೂ ಗೊತ್ತಾಗುವುದಿಲ್ಲ, ಈ ದೇಶದಲ್ಲಿ ಕೆಲಸ ಮಾಡಲು ಬೇಕಾದ ನನ್ನ ವರ್ಕ್ ಪಾಸ್ ಆ ತಿಂಗಳೇ ನವೀಕರಣಕ್ಕೆ ಬಂದಿತ್ತು. ಹೊರಗೆ ಬಂದಾಗ ಅಕ್ಕ ಬಾಗಿಲಲ್ಲೇ ನಿಂತಿದ್ದರು. ನನ್ನ ಜೊತೆ ಡೈರೆಕ್ಟರ್ ಕೋಣೆಯವರೆಗೆ ನಡೆದು ಬಂದರು.

ಡೈರೆಕ್ಟರ್ ಪೂರ್ತಿ ಕೇಳಿಸಿಕೊಂಡರು. ಕೂಗಾಡಲಿಲ್ಲ, ಅದೇ ಕಷ್ಟವಾಯಿತು. ‘ಪತ್ರ ವಾಪಸ್ ತಗೊಳ್ಳೋಣ. ಎರಡು ವರ್ಷ ಮುಂದುವರಿಸೋಣ. ನೀನು ಅವರಿಗೊಂದು ಇಮೇಲ್ ಹಾಕು ಲಾ.’

‘ಬಾಸ್, ಬೈದಿದ್ದು ಬಾಯಲ್ಲಿ. ಬಾಯಲ್ಲೇ ಹೇಳ್ಬೇಕು.’

ಆ ಭಾನುವಾರ ನನ್ನ ಖರ್ಚಿನಲ್ಲೇ ಬೆಳಗಿನ ವಿಮಾನ ಹಿಡಿದು ಕೋಟಾ ಭಾರುವಿಗೆ ಹೋದೆ. ರಂಜಾನಿನ ಉಪವಾಸದ ತಿಂಗಳು ಶುರುವಾಗಿತ್ತು. ಊರಿನಲ್ಲಿ ಸ್ಕೂಲಿಗೆ, ಆಫೀಸಿಗೆ ಜನ ಹೊರಟಿದ್ದರು, ಭಾನುವಾರ ಅಲ್ಲಿ ಅಷ್ಟು ಮಾಮೂಲಿ ದಿನ. ಗೋದಾಮಿನಲ್ಲಿ ಪಾಕ್ ಚಿಕ್ ಒಬ್ಬರೇ ಮಂಚದ ಚಕ್ರಗಳಿಗೆ ಎಣ್ಣೆ ಬಿಡುತ್ತಿದ್ದರು. ತೆಳ್ಳನೆಯ ಮನುಷ್ಯ, ಇಸ್ತ್ರಿ ಮಾಡಿದ ಅಂಗಿ. ನನ್ನನ್ನು ಕಂಡು ಗಾಬರಿಯಾಗಿ ಎದ್ದರು, ಕುರ್ಚಿ ಒರೆಸಿ ಕೊಟ್ಟರು. ಕುಡಿಯಲು ಏನೂ ಕೊಡಲಾಗುತ್ತಿಲ್ಲ ಎಂದು ಅವರೇ ಕ್ಷಮೆ ಕೇಳಿದರು.

ಅವರ ಮೇಜಿನ ಮೇಲೆ ಶಾಲೆಮಕ್ಕಳ ನೋಟ್‌ಬುಕ್ ತೆರೆದಿತ್ತು. ನನಗೆ ಓದಲು ಬರುವಷ್ಟು ಸರಳ ಮಲಯ್. ಇವತ್ತು ಭಾನುವಾರ. ಬಾಗಿಲು ತೆಗೆದದ್ದು ಎಂಟಕ್ಕೆ. ಫ್ಯಾನ್ ಹಾಕಿದೆ. ಬೀಗದ ಕೈ ಬಲ ಜೇಬಿನಲ್ಲಿದೆ. ಹಿಂದಿನ ಪುಟದಲ್ಲೂ ಅದೇ, ಅದರ ಹಿಂದೆಯೂ ಅದೇ. ಬಾಗಿಲು ಹಾಕಿದೆ. ಬಾಗಿಲು ಹಾಕಿದ್ದನ್ನು ಇನ್ನೊಮ್ಮೆ ನೋಡಿದೆ.

‘ನೀವು ಹೇಳಿದ ಮೇಲೆ ಶುರು ಮಾಡಿದೆ ಪುವಾನ್,’ ಅಂದರು. ‘ಯಾವ ದಿನ ಕಳ್ಕೊಂಡೆ ಅಂತ ಎಷ್ಟು ಯೋಚಿಸಿದ್ರೂ ಗೊತ್ತಾಗ್ಲಿಲ್ಲ. ಕಳ್ಕೊಂಡಿದ್ದೇ ಗೊತ್ತಾಗ್ದೇ ಇದ್ರೆ ಅದು ಇನ್ನೂ ಕೆಟ್ಟದ್ದು ಅಲ್ವಾ?’

ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದಿದ್ದ ಮಾತೆಲ್ಲ ಮರೆತುಹೋಯಿತು. ‘ನೀವು ಯಾವ ದಿನಾನೂ ಕಳ್ಕೊಂಡಿಲ್ಲ ಪಾಕ್ ಚಿಕ್. ನಾನು ನಿಮ್ಮ ಶುಕ್ರವಾರನ ಕೆಲಸದ ದಿನ ಅಂತ ಎಣಿಸಿದೆ. ನಿಮ್ಮ ಲೆಕ್ಕ ಸರಿ ಇತ್ತು, ಎರಡು ಸಲವೂ. ತಪ್ಪು ನನ್ನದು. ಹಾಗೆ ಮಾತಾಡಬಾರದಿತ್ತು.’ ಪತ್ರ ವಾಪಸಾದದ್ದನ್ನು, ಎರಡು ವರ್ಷ ಸಿಕ್ಕಿದ್ದನ್ನು ಹೇಳಿದೆ. ಅವರು ಅದಕ್ಕೆ ತಲೆಯಾಡಿಸಿದರು ಅಷ್ಟೆ. ಬುಧ, ಗುರು, ಭಾನು ಎಂದು ಬೆರಳು ಮಡಚುತ್ತಿದ್ದರು. ಮೂರನೇ ಬೆರಳಿಗೆ ನಿಂತು ನನ್ನ ಮುಖ ನೋಡಿದರು.

‘ಇದನ್ನ ನನ್ನ ಹೆಂಡತಿಗೆ ನೀವೇ ಹೇಳ್ತೀರಾ? ನಾನು ಹೇಳಿದ್ರೆ ಅವಳು ನಂಬಲ್ಲ.’

ಫೋನ್ ಹಚ್ಚಿ ನನ್ನ ಕೈಗಿತ್ತರು. ನನಗೆ ಬರುವ ಮಲಯ್‌ನಲ್ಲಿ, ತಪ್ಪು ನನ್ನದು, ನಿಮ್ಮವರ ಲೆಕ್ಕ ಸರಿಯಾಗಿತ್ತು ಎಂದೆ. ಆ ಕಡೆಯ ಹೆಂಗಸು ಇನ್ನೊಮ್ಮೆ ಹೇಳಿ ಎಂದರು. ಇನ್ನೊಮ್ಮೆ ಹೇಳಿದೆ. ಆಮೇಲೆ ಅವರು ಕೇಳಿದರು:

‘ಮರೆವಿನ ಡಾಕ್ಟರು ಇವರಿಗೆ ಮಂಗಳವಾರ ಬರಕ್ಕೆ ಹೇಳಿದ್ದಾರೆ. ಹಾಗಾದ್ರೆ ಹೋಗೋದು ಬೇಡ ಅಲ್ವಾ ಪುವಾನ್?’