ಒಂದೇ ಬ್ಯಾಗು, ಷಡ್ಡಕರ ಚಡ್ಡಿ

ಪ್ರವಾಸಕ್ಕೆ ಬೆನ್ನಿಗೆ ಹಾಕುವ ಒಂದು ಬ್ಯಾಗು ಸಾಕು ಎಂಬ ಜ್ಞಾನೋದಯ ನನಗೆ ಆದದ್ದು ಮುಳಬಾಗಿಲಿನ ನನ್ನ ಆಫೀಸಿನಲ್ಲಿ, ಮಧ್ಯಾಹ್ನದ ಊಟ ಮುಗಿಸಿ ಮೊಬೈಲ್ ನೋಡುತ್ತಿದ್ದಾಗ. ನಾನು ಅಂಗಡಿಯವರ, ಗಿರಣಿಯವರ ಲೆಕ್ಕಪತ್ರ ಬರೆದು ತೆರಿಗೆ ಕಟ್ಟಿಸುವವನು. ವಯಸ್ಸು ಐವತ್ತು ದಾಟಿದ್ದರೂ ಮೈ ಮಾತ್ರ ಪಿಯುಸಿ ಹುಡುಗನದ್ದು, ಬೆಲ್ಟಿಲ್ಲದಿದ್ದರೆ ಯಾವ ಪ್ಯಾಂಟೂ ನಿಲ್ಲುವುದಿಲ್ಲ. ಮೊಬೈಲಿನಲ್ಲಿ ಗಡ್ಡದ ಯುವಕನೊಬ್ಬ ಒಂದೇ ಬ್ಯಾಗಿನಲ್ಲಿ ದೇಶದೇಶ ಸುತ್ತಿ ಬಂದವನು, ಸಾಮಾನು ಕಡಿಮೆಯಾದಷ್ಟೂ ಮನುಷ್ಯ ಹಗುರಾಗುತ್ತಾನೆ ಎಂದು ಹೇಳುತ್ತಿದ್ದ. ಅವನು ಅದನ್ನು ನನಗೋಸ್ಕರವೇ ಹೇಳುತ್ತಿದ್ದಾನೆ ಅನ್ನಿಸಿತು.

ಆಗಷ್ಟೇ ನಮ್ಮ ಅಂಡಮಾನ್ ಪ್ರವಾಸ ನಿಶ್ಚಯವಾಗಿತ್ತು. ನನ್ನ ಹೆಂಡತಿಯೂ ಅವಳ ಅಕ್ಕನೂ ಬೈರಕೂರಿನಲ್ಲಿ ಹುಟ್ಟಿ ಬೆಳೆದವರು. ವಿಮಾನ ಹತ್ತಿ ಒಂದು ದ್ವೀಪಕ್ಕೆ ಹೋಗಿ ಬರಬೇಕೆಂದು ಇಬ್ಬರಿಗೂ ಬಹಳ ದಿನದ ಆಸೆ. ಅಕ್ಕನ ಗಂಡ, ಅಂದರೆ ನನ್ನ ಷಡ್ಡಕರು, ಶ್ರೀನಿವಾಸಪುರದಲ್ಲಿ ಮಾವಿನ ಹಣ್ಣಿನ ವ್ಯಾಪಾರಿ. ತೋಟಗಳಲ್ಲಿ ಹಣ್ಣು ಮುಗಿಯುವ ತನಕ ಅವರು ಹಣ್ಣಿನ ಮಂಡಿ ಬಿಟ್ಟು ಅಲ್ಲಾಡುವ ಹಾಗಿಲ್ಲ. ಹಾಗಾಗಿ ಆಗಸ್ಟಿನಲ್ಲಿ ಹೋಗುವುದೆಂದಾಯಿತು. ಆಗ ಟಿಕೆಟ್ಟುಗಳು ಆಶ್ಚರ್ಯವಾಗುವಷ್ಟು ಅಗ್ಗವಾಗಿದ್ದವು. ಯಾಕೆ ಅಗ್ಗ ಎಂದು ನಮ್ಮಲ್ಲಿ ಒಬ್ಬರೂ ಯೋಚಿಸಲಿಲ್ಲ. ಲೆಕ್ಕ ನೋಡುವುದೇ ಕಸುಬಾದ ನಾನೂ ಯೋಚಿಸಲಿಲ್ಲ.

ಕೋಲಾರಕ್ಕೆ ಹೋಗಿ ಬ್ಯಾಗು ತಂದೆ. ಅಭ್ಯಾಸವಾಗಲೆಂದು ಅದನ್ನು ಬೆನ್ನಿಗೇರಿಸಿ ಸಂಜೆ ಪೇಟೆಯಲ್ಲಿ ಓಡಾಡಿದೆ. ಪರಿಚಯದ ದಿನಸಿ ಅಂಗಡಿಯವರು ತಕ್ಕಡಿ ನಿಲ್ಲಿಸಿ, "ಏನ್ ಸಾರ್, ಪಾರ್ಸೆಲ್ ಹಂಚೋ ಕೆಲಸಕ್ಕೆ ಸೇರ್ಕೊಂಡ್ರಾ?" ಎಂದು ಕೇಳಿದರು. ಅವರ ಮುಖದಲ್ಲಿ ನಿಜವಾದ ಕನಿಕರವಿತ್ತು. ನಾನು ಹಗುರ ಪ್ರಯಾಣದ ತತ್ವವನ್ನು ಅವರಿಗೆ ವಿವರಿಸಿದೆ. ಅವರು ಅರ್ಧಕ್ಕೇ ಬೆಲ್ಲ ತೂಗಲು ಹೋದರು.

ಮನೆಯಲ್ಲಿ ಹೆಂಡತಿ ನನ್ನ ಬ್ಯಾಗಿನೊಳಗೆ ಇಣುಕಿ ನೋಡಿದಳು.

"ಎರಡೇ ಪ್ಯಾಂಟಾ? ಒಂದು ವಾರ ಇರ್ತೀವಿ ಕಣ್ರೀ."

"ಒಂದು ಹಾಕ್ಕೋತೀನಿ, ಒಂದು ಒಗೆದು ಹಾಕ್ತೀನಿ. ಬೆಳಗಾಗೋದ್ರೊಳಗೆ ಒಣಗಿರುತ್ತೆ."

"ಸರಿ. ಆಮೇಲೆ ಅದು ಕೊಡು, ಇದು ಕೊಡು ಅಂತ ನನ್ನ ಸೂಟ್‌ಕೇಸಿಗೆ ಕೈ ಹಾಕಂಗಿಲ್ಲ."

"ಹಾಕಲ್ಲ" ಎಂದೆ, ಬಹಳ ಗಂಭೀರವಾಗಿ. ನಮ್ಮ ಮಹಡಿಯ ಮೇಲೆ ಹರವಿದ ಪಂಚೆ ನಾನು ಕಾಫಿ ಕುಡಿದು ಲೋಟ ತೊಳೆದಿಡುವಷ್ಟರಲ್ಲಿ ಹಪ್ಪಳದಂತಾಗಿರುತ್ತದೆ. ಪ್ರಪಂಚದ ಎಲ್ಲ ಕಡೆಯೂ ಬಟ್ಟೆ ಹೀಗೇ ಒಣಗುತ್ತದೆಂದು ನಾನು ನಂಬಿದ್ದೆ.

ವಿಮಾನ ನಿಲ್ದಾಣದಲ್ಲಿ ಷಡ್ಡಕರು ಅತ್ತಿಗೆಯ ಸೂಟ್‌ಕೇಸನ್ನು ಎರಡೂ ಕೈಯಿಂದ ಎಳೆದು ತಂದರು. ಕೌಂಟರಿನ ಹುಡುಗಿ ತೂಕ ನೋಡಿ, ಇಷ್ಟು ಬಿಡುವ ಹಾಗಿಲ್ಲ, ಸ್ವಲ್ಪ ಸಾಮಾನು ತೆಗೆಯಿರಿ ಎಂದಳು. ಅತ್ತಿಗೆ ಅಲ್ಲೇ ನೆಲದ ಮೇಲೆ ಕೂತು ಸೂಟ್‌ಕೇಸ್ ಬಿಚ್ಚಿದರು. ಏನು ತೆಗೆಯುವುದು, ತೆಗೆದದ್ದನ್ನು ಎಲ್ಲಿಡುವುದು ಎಂದು ಮೂವರೂ ಸುತ್ತ ನೋಡಿದರು. ಷಡ್ಡಕರ ಕಣ್ಣು ನನ್ನ ಮೇಲೆ ನಿಂತಿತು.

"ಸಾಹೇಬ್ರ ಬ್ಯಾಗು ಖಾಲಿ ಐತಲ್ಲ" ಎಂದರು.

ನಿಪ್ಪಟ್ಟಿನ ಡಬ್ಬ, ಹುರಿಹಿಟ್ಟಿನ ಪೊಟ್ಟಣ, ಮಾವಿನ ರಸವನ್ನು ಬಿಸಿಲಿಗೆ ಒಣಗಿಸಿ ಮಾಡಿದ ತಾಂಡ್ರದ ಸುರುಳಿಗಳು, ಎಲ್ಲವೂ ನನ್ನ ಬ್ಯಾಗಿಗೆ ಬಂದವು. ಜಿಪ್ ಹಾಕಲು ಇಬ್ಬರು ಬೇಕಾದರು. ದೊಡ್ಡ ಸಾಮಾನೆಲ್ಲ ಬೆಲ್ಟಿನ ಮೇಲೆ ಹೊರಟುಹೋದದ್ದರಿಂದ ಅವರು ಮೂವರೂ ಕೈ ಬೀಸಿಕೊಂಡು ವಿಮಾನದ ಕಡೆ ನಡೆದರು. ಹಗುರ ಪ್ರಯಾಣದ ತತ್ವ ತಿಳಿದ ನಾನೊಬ್ಬ ಮಾತ್ರ ಬೆನ್ನು ಬಗ್ಗಿಸಿಕೊಂಡು ಹಿಂದೆ ಹೋದೆ.

ಇಳಿದಾಗ ಅಂಡಮಾನಿನಲ್ಲಿ ಮಳೆ. ಅದು ಅಲ್ಲಿನ ಮಳೆಗಾಲವಂತೆ. ಟ್ಯಾಕ್ಸಿಯವನು ಹೇಳಿದಾಗ ಟಿಕೆಟ್ಟಿನ ಅಗ್ಗದ ಕಾರಣ ನಾಲ್ವರಿಗೂ ಒಟ್ಟಿಗೆ ಹೊಳೆಯಿತು. ನಾನು ಮೊದಲ ಸಂಜೆಯೇ ಪ್ಯಾಂಟನ್ನೂ ಟೀ ಶರ್ಟನ್ನೂ ಒಗೆದು ರೂಮಿನ ಬಾಲ್ಕನಿಯಲ್ಲಿ ಹರವಿದೆ. ಬೆಳಗ್ಗೆ ನೋಡಿದರೆ ಒಗೆದಾಗ ಇದ್ದದ್ದಕ್ಕಿಂತ ಹೆಚ್ಚು ನೀರಿದೆಯೇನೋ ಅನ್ನಿಸಿತು. ಫ್ಯಾನಿನ ಕೆಳಗೆ ಹಾಕಿದೆ. ಮಾರನೆಯ ದಿನಕ್ಕೆ ಅದರಿಂದ ಮಳೆಯಲ್ಲಿ ನೆನೆದ ಎಮ್ಮೆಯ ವಾಸನೆ ಬರತೊಡಗಿತು. ನಾನು ಪ್ಯಾಂಟನ್ನು ತಿರುವಿ ಹಾಕುತ್ತಿದ್ದುದನ್ನು ಹಾಸಿಗೆಯ ಮೇಲಿಂದ ನೋಡುತ್ತಿದ್ದ ಹೆಂಡತಿ, "ಕೋಲಾರದಿಂದ ಒಂದಿಷ್ಟು ಬಿಸಿಲು ತರಿಸ್ಕೊಳ್ರೀ" ಎಂದಳು.

ಹೊರಗೆ ಹೋದಲ್ಲೆಲ್ಲ ಇನ್ನೊಂದು ತೊಂದರೆ. "ನಿಮ್ಮ ಕೈ ಖಾಲಿ ಇದೆಯಲ್ಲ" ಎಂದು ಅತ್ತಿಗೆ ಕೊಡೆ ಕೊಡುವರು. ಹೆಂಡತಿ ನೀರಿನ ಬಾಟಲಿ ಕೊಡುವಳು. ಸಮುದ್ರದ ದಡದಲ್ಲಿ ಮೂವರೂ ಅಲೆಗೆ ಕಾಲೊಡ್ಡಿ ನಿಂತಾಗ ನಾನು ಎಲ್ಲರ ಚಪ್ಪಲಿ ಹಿಡಿದುಕೊಂಡು ಮರಳಿನ ಮೇಲೆ ನಿಂತಿರುತ್ತಿದ್ದೆ.

ಇದ್ದ ಇನ್ನೊಂದು ಪ್ಯಾಂಟಿನ ಕಥೆ ಮುಗಿದದ್ದು ದೋಣಿಯಲ್ಲಿ. ದೊಡ್ಡ ದ್ವೀಪದಿಂದ ಚಿಕ್ಕದೊಂದು ದ್ವೀಪಕ್ಕೆ ಹೊರಟಿದ್ದೆವು, ಕಡಲು ಎದ್ದು ಬೀಳುತ್ತಿತ್ತು. ಹೊಟ್ಟೆ ತೊಳಸಿದರೆ ದೂರದ ದಿಗಂತವನ್ನೇ ನೋಡುತ್ತಿರಬೇಕು ಎಂದು ನಾನು ಉಳಿದ ಮೂವರಿಗೂ ಪಾಠ ಹೇಳಿಕೊಟ್ಟೆ. ಅವರು ಕೇಳಲಿಲ್ಲ, ಆರಾಮಾಗಿ ನಿಪ್ಪಟ್ಟು ತಿಂದರು. ದಿಗಂತವನ್ನೇ ನೋಡುತ್ತಾ ಕೂತಿದ್ದ ನಾನು ನನ್ನದೇ ತೊಡೆಯ ಮೇಲೆ ವಾಂತಿ ಮಾಡಿಕೊಂಡೆ. ಇಳಿಯುವಾಗ ಬಂದ ಅಲೆಯೊಂದು ಅದನ್ನು ತೊಳೆದದ್ದು ನಿಜ, ಆದರೆ ಬ್ಯಾಗಿನ ಒಳಗಿದ್ದದ್ದನ್ನೂ ತೋಯಿಸಿತು.

ಹೋಟೆಲಿನ ರೂಮು ಸೇರಿದಾಗ ನನ್ನ ಬಳಿ ಒಣಗಿದ್ದದ್ದು ಪ್ಲಾಸ್ಟಿಕ್ ಕವರಿನಲ್ಲಿದ್ದ ಒಂದು ಟವೆಲ್ ಮಾತ್ರ. ಗಡ್ಡದ ಯುವಕನ ಸಲಹೆಯಂತೆ ಕೊಂಡ ಹಗುರ ಟವೆಲ್ ಅದು. ಎಷ್ಟು ಹಗುರವೆಂದರೆ ನನ್ನಂಥ ಸಣಕಲ ಸೊಂಟವನ್ನೂ ಪೂರ್ತಿ ಸುತ್ತಿ ಬರಲಿಲ್ಲ. ಹಾಸಿಗೆಯ ಚಾದರ ಸುತ್ತಿಕೊಂಡು ಕುರ್ಚಿಯಲ್ಲಿ ಕೂತೆ.

"ನನ್ನ ಸೂಟ್‌ಕೇಸಲ್ಲಿ ನೈಟಿ ಇದೆ. ಬೇಕಾ?" ಎಂದು ಹೆಂಡತಿ ಕೇಳಿದಳು.

ನಾನು ಚಾದರವನ್ನು ಇನ್ನಷ್ಟು ಬಿಗಿದುಕೊಂಡೆ. ಅವಳು ಪಕ್ಕದ ರೂಮಿಗೆ ಹೋದಳು. ಸ್ವಲ್ಪ ಹೊತ್ತಿಗೆ ಗೋಡೆಯ ಆಚೆಯಿಂದ ಅಕ್ಕತಂಗಿಯರ ನಗು ಕೇಳಿತು, ನಿಲ್ಲುವುದು, ಮತ್ತೆ ಶುರುವಾಗುವುದು. ಆಮೇಲೆ ಬಾಗಿಲು ತಟ್ಟಿ ಒಳಗೆ ಬಂದವರು ಷಡ್ಡಕರು.

ಇವರ ಬಗ್ಗೆ ಸ್ವಲ್ಪ ಹೇಳಬೇಕು. ಮದುವೆಯಾದಾಗಿನಿಂದ ನಮ್ಮಿಬ್ಬರದು ನಮಸ್ಕಾರದ ಸಂಬಂಧ. ಅವರದು ನನ್ನ ಎರಡರಷ್ಟು ಮೈ, ನಾಲ್ಕರಷ್ಟು ದನಿ. ಮಂಡಿಯಲ್ಲಿ ಕೂಗಿ ಕೂಗಿ ಮನೆಯಲ್ಲೂ ಹಾಗೇ ಮಾತಾಡುವವರು. ನಾನು ಅವರನ್ನು ಅಣ್ಣ ಎನ್ನುತ್ತಿದ್ದೆ, ಅವರು ನನ್ನನ್ನು ಸಾಹೇಬ್ರೇ ಎನ್ನುತ್ತಿದ್ದರು. ಆ ಸಾಹೇಬ್ರೇ ಎಂಬುದರಲ್ಲಿ ಗೇಲಿ ಇದೆಯೆಂದು ನನಗೆ ಯಾವಾಗಲೂ ಅನುಮಾನ. ಅದಕ್ಕೇ ಅವರಿಂದ ಏನನ್ನೂ ತೆಗೆದುಕೊಳ್ಳುತ್ತಿರಲಿಲ್ಲ. ಹಣ್ಣಿನ ಬುಟ್ಟಿ ಕಳಿಸಿದರೂ, ಬೇಡವಾಗಿತ್ತು ಎಂದು ಫೋನು ಮಾಡಿ ಹೇಳುವಷ್ಟು ಮರ್ಯಾದಸ್ಥ ನಾನು.

ಈಗ ಅವರು ಒಂದು ಬರ್ಮುಡಾ ಚಡ್ಡಿ ಹಿಡಿದು ನಿಂತಿದ್ದರು. ಕೆಂಪು ಬಟ್ಟೆ, ಮೇಲೆಲ್ಲ ಹಸಿರು ಗಿಳಿಗಳು. ಅಂಥದ್ದೇ ಇನ್ನೊಂದು ಅವರ ಮೈಮೇಲಿತ್ತು.

"ಮಾಲೂರಲ್ಲಿ ತಗೊಂಡೆ. ಅಂಗಡಿಯವ್ನು ಜೋಡಿಯಾಗೇ ಕೊಡೋದು ಅಂದ. ಬ್ಯಾಡ ಅನ್ಬೇಡಿ."

ಬೇಡ ಎನ್ನಲು ನಾನು ಎದ್ದು ನಿಂತೆ. ಚಾದರ ಜಾರಿತು. ಅದನ್ನು ಹಿಡಿದುಕೊಳ್ಳುವ ಗಡಿಬಿಡಿಯಲ್ಲಿ ಬೇಡ ಎನ್ನುವುದು ಮರೆತೇಹೋಯಿತು. ಚಡ್ಡಿ ಹಾಕಿಕೊಂಡರೆ ಎಳೆದಷ್ಟೂ ಲಾಡಿ ಬರುತ್ತಿತ್ತು, ಸೊಂಟ ಮಾತ್ರ ಸಿಗುತ್ತಿರಲಿಲ್ಲ. ಅವರೇ ನನ್ನ ಮುಂದೆ ಮಂಡಿಯೂರಿ ಕೂತು, ಬಟ್ಟೆಯನ್ನು ಎರಡು ಮಡಿಕೆ ಮಾಡಿ, ಮಾವಿನ ಬುಟ್ಟಿಗೆ ಹಗ್ಗ ಬಿಗಿಯುವಂತೆ ಲಾಡಿ ಬಿಗಿದು ಗಂಟು ಹಾಕಿದರು. ಹಿಂದೆ ಸರಿದು ಮೇಲಿಂದ ಕೆಳಗೆ ನೋಡಿದರು.

"ಏಮ್‌ರಾ, ಸರಿಪೋಯಿಂದಾ?" ಎಂದರು. ಅಳತೆ ಸರಿಹೋಯಿತಾ ಎಂದು ತೆಲುಗಿನಲ್ಲಿ ಕೇಳಿದ್ದರು. ಖುಷಿಯಾದಾಗ ಮಾತ್ರ ಅವರಿಗೆ ತೆಲುಗು ಬರುತ್ತದೆ. ಸಾಹೇಬ್ರೇ ಎಂಬುದು ಎತ್ತಲೋ ಹೋಗಿತ್ತು.

"ಸರಿಪೋಯಿಂದಿ ಅಣ್ಣ" ಎಂದೆ.

ಸಂಜೆ ಊಟಕ್ಕೆ ಇಬ್ಬರೂ ಒಂದೇ ಥರದ ಗಿಳಿ ಚಡ್ಡಿಯಲ್ಲಿ ಹೋದೆವು. ಬಡಿಸುವವನು ನಮ್ಮಿಬ್ಬರನ್ನೂ ನೋಡಿ, ಅಣ್ಣತಮ್ಮಂದಿರಾ ಎಂದು ಹಿಂದಿಯಲ್ಲಿ ಕೇಳಿದ. ಷಡ್ಡಕರು ಹೌದು, ತಮ್ಮ ಎಂದರು. ಆಮೇಲೆ ನನ್ನ ಕಡೆ ಒಮ್ಮೆ ನೋಡಿ, ಪಾಪ, ವಿಮಾನದವರು ಇವನ ಸಾಮಾನೆಲ್ಲ ಕಳೆದುಬಿಟ್ಟರು ಎಂದು ಸೇರಿಸಿದರು. ನಾನು ಸಾಮಾನು ಕಳಕೊಂಡವನ ಮುಖ ಮಾಡಿ ಕೂತೆ. ಅವನು ನನಗೆ ಒಂದು ಚಪಾತಿ ಹೆಚ್ಚಿಗೆ ಹಾಕಿದ. ಎದುರಿಗೆ ಹೆಂಡತಿ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡಿದ್ದಳು. ಅತ್ತಿಗೆ ತೆಗೆದ ಫೋಟೋ ನಾವು ಕೈ ತೊಳೆಯುವ ಮುಂಚೆಯೇ ಸಂಬಂಧಿಕರ ವಾಟ್ಸಾಪ್ ಗುಂಪು ಸೇರಿತ್ತು. ಹೋಳೂರಿನ ನನ್ನ ಚಿಕ್ಕಮ್ಮ, ಇಬ್ಬರಲ್ಲಿ ನಮ್ಮ ಹುಡುಗ ಯಾವನು ಎಂದು ಕೇಳಿದ್ದರು.

ಮಾರನೆಯ ಬೆಳಗ್ಗೆ ಮಳೆ ಬಿಟ್ಟಿತು. ನಾವಿಬ್ಬರೂ ನೀರಿಗಿಳಿದೆವು. ಷಡ್ಡಕರು ಚಿಕ್ಕಂದಿನಲ್ಲಿ ತೋಟದ ಬಾವಿಗೆ ಹಾರಿ ಈಜಿದವರಾದರೂ, ಅಲೆ ಬಂದಾಗ ನನ್ನ ಭುಜ ಗಟ್ಟಿಯಾಗಿ ಹಿಡಿದುಕೊಂಡರು. ನಾನು ಎರಡೂ ಕೈಯಿಂದ ಚಡ್ಡಿ ಹಿಡಿದುಕೊಂಡಿದ್ದೆ, ಅದರೊಳಗೆ ನೀರು ತುಂಬಿ ಮೂಟೆಯಾಗಿತ್ತು. ಹಾಗೆ ನಿಂತಿದ್ದಾಗ ಅವರು ಮೆಲ್ಲಗೆ ಮಾತಾಡಿದರು. ಅವರಿಗೆ ಮೆಲ್ಲಗೆ ಮಾತಾಡಲು ಬರುತ್ತದೆಂದು ನನಗೆ ಗೊತ್ತೇ ಇರಲಿಲ್ಲ.

"ನಮ್ಮನೆಗೆ ಬಂದಾಗೆಲ್ಲ ನೀನು ಪೇಪರ್ ಅಡ್ಡ ಹಿಡ್ಕೊಂಡು ಕೂತ್ಬಿಡ್ತಿದ್ದೆ ಕಣೋ. ಓದಿರೋನು, ನಮ್ಮ ಮಾತು ಹಿಡಿಸಲ್ವೇನೋ ಅಂತ ನಾನೂ ಸುಮ್ಕಿರ್ತಿದ್ದೆ."

"ನೀವು ಸಾಹೇಬ್ರೇ ಅಂತಿದ್ರಲ್ಲ ಅಣ್ಣ. ಆಡ್ಕೋತಿದೀರ ಅಂದ್ಕೊಂಡು ಪೇಪರ್ ಹಿಡ್ಕೋತಿದ್ದೆ."

"ಮರ್ಯಾದೆಗೆ ಅಂತಿದ್ನಪ್ಪಾ" ಎಂದರು. ಅಷ್ಟರಲ್ಲಿ ದೊಡ್ಡ ಅಲೆ ಬಂದು ಇಬ್ಬರನ್ನೂ ಕೆಡವಿತು. ಉಪ್ಪು ನೀರು ಕುಡಿದು ಕೆಮ್ಮುತ್ತಾ ಎದ್ದೆವು.

ಈ ವರ್ಷ ಹಣ್ಣಿನ ಕಾಲ ಬಂದಾಗ ಅವರು ಫೋನು ಮಾಡಿ, "ಲೇ, ಬರ್ತೀಯಾ ಇಲ್ವಾ?" ಎಂದರು. ಒಂದು ಗಂಟೆಯ ಮಟ್ಟಿಗೆಂದು ಶ್ರೀನಿವಾಸಪುರಕ್ಕೆ ಹೋದೆ. ಮಂಡಿಯಲ್ಲಿ ಕ್ರೇಟೊಂದನ್ನು ಬೋರಲು ಹಾಕಿ ಕೂರಿಸಿದರು. ಬಾದಾಮಿ, ರಸಪುರಿ, ಇನ್ನೂ ಹೆಸರು ಗೊತ್ತಿಲ್ಲದ ಹಣ್ಣುಗಳನ್ನು ಒಂದೊಂದಾಗಿ ಕೊಯ್ದು ಕೈಗೆ ಕೊಡುತ್ತಾ, ಲಾರಿಯವರ ಜೊತೆ ಜಗಳವಾಡುತ್ತಾ, ನಡುನಡುವೆ ನನ್ನ ಕಡೆ ತಿರುಗಿ ಹೇಗಿದೆ ಎಂದು ಕೇಳುತ್ತಾ ಇದ್ದರು. ಆಫೀಸಿನಲ್ಲಿ ಗಿರಣಿಯವರೊಬ್ಬರು ನನಗಾಗಿ ಕಾದು ಕಾದು ಎರಡು ಸಲ ಫೋನು ಮಾಡಿದರು. ಕೈಯೆಲ್ಲ ರಸವಾಗಿತ್ತು, ಎತ್ತಲಿಲ್ಲ.