ಗಾಜಿಪುರಕ್ಕೆ ಹೋದ ಬಾಳೆಬಂಡಿ

ಹಣ್ಣಾದ ಕೆಂಪುಬಾಳೆಯ ವಾಸನೆ ಬಂದರೆ ಈಗಲೂ ನನ್ನ ಕೈಕಾಲು ತಣ್ಣಗಾಗುತ್ತವೆ. ಮೊಮ್ಮಕ್ಕಳು ನಗುತ್ತಾರೆ. ಹಾವಿಗೆ ಹೆದರದ, ಪಕ್ಕದ ಮನೆಯವರ ಬಾಯಿಗೂ ಹೆದರದ ಮುದುಕಿ ಬಾಳೆಹಣ್ಣಿಗೆ ಹೆದರುವುದುಂಟೇ ಎಂದು. ನಗಲಿ ಬಿಡಿ. ಅವರು ಆ ಬಂಡಿಯಲ್ಲಿ ಕೂತಿರಲಿಲ್ಲ.

ಕಮಲಾಪುರದಲ್ಲಿ ನಮ್ಮದು ಬಾಳೆಯ ತೋಟ. ಅಪ್ಪ ಗೊನೆಗಳನ್ನು ಬಂಡಿಗೆ ಹೇರಿ ಕಲಬುರ್ಗಿಗೆ ಒಯ್ಯುತ್ತಿದ್ದ. ಅಲ್ಲಿನ ಗಾಜಿಪುರ ಓಣಿಯ ಮುಸಲ್ಮಾನ ವ್ಯಾಪಾರಿಯೊಬ್ಬ ಅವನ್ನು ಕೊಳ್ಳುತ್ತಿದ್ದ. ನಮಗೆ ಅವನು ಚಾಚಾ, ಅವನ ಹೆಂಡತಿ ಚಾಚಿ. ಹೇರುವುದಕ್ಕೂ ಒಂದು ಪದ್ಧತಿ ಇತ್ತು. ಗೊನೆಗಳೆಲ್ಲ ಹಸಿ ಕಾಯಿ. ಗಿಡದಲ್ಲೇ ಹಣ್ಣಾದ ಒಂದೆರಡು ಚಿಪ್ಪುಗಳನ್ನು ಮಾತ್ರ ಜಜ್ಜಿಹೋಗದಂತೆ ಬಂಡಿಯ ನಡುವೆ ಒಣ ಎಲೆಗಳಲ್ಲಿ ಹುದುಗಿಸುತ್ತಿದ್ದರು. ಒಂದು ಚಾಚಾನ ಮನೆಗೆ, ಇನ್ನೊಂದು ಕಲಬುರ್ಗಿಯ ಹೊರಗಿನ ನಾಕಾದಲ್ಲಿ ಬಂಡಿ ತಡೆಯುವವರಿಗೆ. ನಾಕಾದವರು ಬಾಯಿಬಿಟ್ಟು ಕೇಳುತ್ತಲೂ ಇರಲಿಲ್ಲ. ಎಲೆಯೊಳಗೆ ಮೊಣಕೈತನಕ ಕೈ ತೂರಿಸಿ, ಹಣ್ಣು ಸಿಕ್ಕಿದ ಮೇಲೆ ನಡಿ ಎನ್ನುತ್ತಿದ್ದರು.

ಅದು ನಿಜಾಮರ ಆಳ್ವಿಕೆಯ ಕೊನೆಯ ಮಳೆಗಾಲ. ಯುದ್ಧ ಆಗುತ್ತದೆ ಎಂದು ಎಲ್ಲರೂ ಹೇಳುತ್ತಿದ್ದರು, ಯಾವಾಗ ಎಂಬುದು ಯಾರಿಗೂ ಗೊತ್ತಿರಲಿಲ್ಲ. ಬಂದೂಕು ಹಿಡಿದ ಮಂದಿ ನಮ್ಮ ರಸ್ತೆಯಲ್ಲೇ ಓಡಾಡುತ್ತಿದ್ದರು. ಒಂದು ಮಧ್ಯಾಹ್ನ ಅವರಲ್ಲೊಬ್ಬ ಬಾವಿಯ ಹತ್ತಿರ ನಿಂತು ನನ್ನ ಅಕ್ಕನನ್ನು ನೋಡಿದ. ಯಾರ ಮಗಳು ಎಂದು ಕೇಳಿದ. ಮತ್ತೆ ಬರುತ್ತೇನೆ ಎಂದು ಹೋದ. ಅಕ್ಕ ಕೊಡ ಅಲ್ಲೇ ಬಿಟ್ಟು ಮನೆಗೆ ಬಂದು ಅವ್ವನ ಹಿಂದೆ ನಿಂತಳು. ನನಗಿಂತ ಎಷ್ಟೋ ದೊಡ್ಡವಳು, ಮದುವೆ ಗೊತ್ತಾದವಳು, ಅವ್ವನ ಸೆರಗು ಹಿಡಿದು ನಿಂತಿದ್ದಳು. ಅವಳು ಹೆದರಿದ್ದನ್ನು ನಾನು ನೋಡಿದ್ದು ಅದೇ ಮೊದಲು.

“ಹಳ್ಳ್ಯಾಗ ಎಲ್ಲಿ ಮುಚ್ಚಿಟ್ರೂ ಹುಡುಕ್ತಾರ. ಗಾಜಿಪುರದಾಗ ಚಾಚಾನ ಮನ್ಯಾಗ ಯಾರೂ ಹುಡುಕಂಗಿಲ್ಲ,” ಎಂದ ಅಪ್ಪ.

ಮರುದಿನ ಬೆಳಗಾಗುತ್ತಿದ್ದಂತೆ ಬಂಡಿ ಹೇರಿದರು. ಗೊನೆಗಳ ನಡುವೆ ಒಬ್ಬಳು ಮುದುಡಿ ಮಲಗುವಷ್ಟು ಜಾಗ ಬಿಟ್ಟು, ಅಕ್ಕನನ್ನು ಮಲಗಿಸಿ, ಮೇಲೆ ಒಣ ಎಲೆ ಮುಚ್ಚಿದರು. ಬಂಡಿಯ ಮೇಲೊಂದು ಮಗು ಇದ್ದರೆ ಸಂಶಯ ಬರುವುದಿಲ್ಲವೆಂದು ನನ್ನನ್ನು ಅಪ್ಪನ ಪಕ್ಕ ಕೂರಿಸಿದರು. ಆ ದಿನ ಹಣ್ಣಿನ ಚಿಪ್ಪನ್ನು ನಡುವೆ ಇಡಬೇಡ, ಮುಂದೆ ತನ್ನ ಕಾಲ ಹತ್ತಿರವೇ ಇರಲಿ ಎಂದು ಅಪ್ಪ ಅವ್ವನಿಗೆ ಹೇಳಿದ್ದ. ಅವ್ವ ತಲೆಯಾಡಿಸಿದಳು. ಆದರೆ ತಾಯಿ ಅಲ್ಲವೇ? ಮಗಳು ದಿನವಿಡೀ ಹಸಿದಿರಬಾರದು ಎಂದು ಇನ್ನೊಂದು ಚಿಪ್ಪನ್ನು ಮೆಲ್ಲಗೆ ಎಲೆಯೊಳಗೆ ಅಕ್ಕನ ಕೈಗೂ ಕೊಟ್ಟುಬಿಟ್ಟಳು.

ದಾರಿಯುದ್ದಕ್ಕೂ ಬಿಸಿಲಿಗೆ ಆ ಹಣ್ಣು ಘಮಘಮ ಎನ್ನತೊಡಗಿತು. ಘಮ ಹಿಂದಿನ ಎಲೆಯೊಳಗಿಂದಲೂ ಬರುತ್ತಿದೆಯೆಂದು ಅಪ್ಪ ಒಮ್ಮೆ ಮೂಗೆತ್ತಿ ಹಿಂದೆ ನೋಡಿದ. ಅವನ ಮುಖ ಸುಣ್ಣ ಬಳಿದಂತಾಯಿತು. ಅಷ್ಟರಲ್ಲಿ ನಾಕಾ ಕಾಣಿಸುತ್ತಿತ್ತು, ಬಂಡಿ ತಿರುಗಿಸಿದರೆ ಬೆನ್ನಟ್ಟಿ ಬರುತ್ತಾರೆ. “ಸುಮ್ಮ ಕೂಡು. ಅಳಬ್ಯಾಡ,” ಎಂದ. ನಾನೆಲ್ಲಿ ಅಳುತ್ತಿದ್ದೆ? ನನಗೆ ಉಸಿರೇ ಬರುತ್ತಿರಲಿಲ್ಲ.

ನಾಕಾದವನು ಬಂದ. ಅಪ್ಪ ಕಾಲ ಹತ್ತಿರದ ಚಿಪ್ಪನ್ನು ಎರಡೂ ಕೈಯಲ್ಲಿ ಎತ್ತಿ ಕೊಟ್ಟ. ಅವನು ಅದನ್ನು ಇನ್ನೊಬ್ಬನಿಗೆ ದಾಟಿಸಿ ನಕ್ಕ. “ಛಲೋ ಹಣ್ಣು ನಡುವ ಇಡ್ತೀರಲ್ಲೋ ನೀವು. ನಮಗ ಗೊತ್ತಿಲ್ಲೇನು?” ಎಂದು ತೋಳು ಮೇಲೇರಿಸಿ ಎಲೆಯೊಳಗೆ ಕೈ ತೂರಿಸಿದ.

ಮಣಿಕಟ್ಟು ಹೋಯಿತು. ಮೊಣಕೈ ಹೋಯಿತು. ಅವನು ಬೆರಳಾಡಿಸುವುದಕ್ಕೆ ಎಲೆ ಸರಸರ ಎನ್ನುತ್ತಿತ್ತು. ನನ್ನ ಲಂಗ ಒದ್ದೆಯಾಯಿತು. ಅದನ್ನು ಹೇಳಲು ನನಗೆ ನಾಚಿಕೆಯಿಲ್ಲ, ನನ್ನ ಜಾಗದಲ್ಲಿ ಯಾರಿದ್ದರೂ ಅದೇ ಆಗುತ್ತಿತ್ತು. ಆಮೇಲೆ ಅವನು “ಸಿಕ್ತು” ಎಂದು ಕೈ ಹೊರತೆಗೆದ. ಕೈಯಲ್ಲಿ ಹಣ್ಣಿನ ಚಿಪ್ಪು. ಅದರಲ್ಲಿ ಒಂದು ಹಣ್ಣು ಕಡಿಮೆ ಇತ್ತು. ಅವನದನ್ನು ಗಮನಿಸಲಿಲ್ಲ. ನಡಿ ಎಂದ.

ಗಾಜಿಪುರ ಮುಟ್ಟಿ, ಚಾಚಾನ ಮನೆಯ ಬಾಗಿಲು ಹಾಕಿಕೊಂಡ ಮೇಲೆ ಅಕ್ಕನನ್ನು ಇಳಿಸಿದರು. “ಕೈ ನನ್ನ ಮುಖದ ಮುಂದೇ ಬಂತು. ಅವ ಹುಡುಕೋದು ಹಣ್ಣೇ ಅಲ್ಲೇನು, ಅದನ್ನೇ ಕೊಟ್ಟಬಿಟ್ಟೆ,” ಎಂದಳು. ಚಾಚಿ ಅವಳನ್ನು ತಬ್ಬಿಕೊಂಡು, “ಹೆದ್ರಬ್ಯಾಡ ಬೇಟಿ, ಇದು ನಿಂದೇ ಘರ್,” ಎಂದಳು. ಚಾಚಿಗೆ ನನ್ನ ವಯಸ್ಸಿನ ಮಗಳಿದ್ದಳು. ಅವಳು ಬಂದು ಅಕ್ಕನ ಕೂದಲಿನಿಂದ ಎಲೆಯ ಚೂರುಗಳನ್ನು ಒಂದೊಂದಾಗಿ ತೆಗೆಯತೊಡಗಿದಳು. ಅದು ನನ್ನ ಕೆಲಸ ಎಂದು ನನಗೆ ಸಿಟ್ಟು ಬಂತು. ಅಕ್ಕನನ್ನು ಅವರ ಕೈಗೆ ಒಪ್ಪಿಸಿ ನಾವಿಬ್ಬರೇ ತಿರುಗಿ ಬಂದೆವು. ನಾಕಾದ ಸಂಗತಿ ಅವ್ವನಿಗೆ ಹೇಳಬಾರದೆಂದು ಅಪ್ಪ ನನ್ನಿಂದ ಆಣೆ ಹಾಕಿಸಿಕೊಂಡ. ತಾನು ಕೊಟ್ಟ ಹಣ್ಣಿನಿಂದ ಏನಾಗುತ್ತಿತ್ತೆಂದು ತಿಳಿದರೆ ಆ ಜೀವ ಉಳಿಯುವುದಿಲ್ಲ ಎಂದ.

ಆಮೇಲೆ ಯುದ್ಧ ಬಂದೇಬಿಟ್ಟಿತು. ಸೋಲಾಪುರದ ಕಡೆಯಿಂದ ದಂಡು ಬಂತು, ನಿಜಾಮರ ಆಳ್ವಿಕೆ ಹೋಯಿತು ಎಂದರು. ಬಂದೂಕಿನವರು ಹೇಳಹೆಸರಿಲ್ಲದಂತೆ ಓಡಿಹೋದರು. ಇನ್ನು ಅಕ್ಕ ಬರುತ್ತಾಳೆ ಎಂದು ನಾನು ಕುಣಿದೆ. ಆದರೆ ಊರಿಗೆ ಬಂದವರು ಬೇರೆಯೇ ಸುದ್ದಿ ತಂದರು. ಯಾರೋ ಮಾಡಿದ್ದಕ್ಕೆ ಯಾರದೋ ಮನೆಗೆ ನುಗ್ಗುತ್ತಿದ್ದಾರೆ, ಮುಸಲ್ಮಾನರ ಓಣಿಗಳಲ್ಲಿ ಬಾಗಿಲು ಮುರಿಯುತ್ತಿದ್ದಾರೆ ಎಂದು. ಅಕ್ಕ ಅಂಥದೇ ಓಣಿಯಲ್ಲಿದ್ದಳು. ಅವ್ವ ಅಂದು ಒಲೆ ಹಚ್ಚಲಿಲ್ಲ.

ಅಪ್ಪ ಮತ್ತೆ ಗೊನೆ ಹೇರಿದ. ಬರೀ ಕಾಯಿ. ನಾನೂ ಹತ್ತಿದೆ. ಗಾಜಿಪುರದಲ್ಲಿ ಹಲವು ಮನೆಗಳ ಕದ ಕಿತ್ತುಹೋಗಿತ್ತು, ಹೊಗೆಯ ನಾತ ಹೊಡೆಯುತ್ತಿತ್ತು. ಚಾಚಾನ ಮನೆಯ ಹೊಸ್ತಿಲ ಮೇಲೆ, ಹಣೆಯ ತುಂಬ ವಿಭೂತಿ ಬಳಿದುಕೊಂಡು, ಇಳಕಲ್ ಸೀರೆಯ ಸೆರಗು ತಲೆಗೆ ಹೊದ್ದು ಅಕ್ಕ ಕೂತಿದ್ದಳು. ಬಡಿಗೆ ಹಿಡಿದು ಬಂದವರಿಗೆಲ್ಲ, “ಇದು ನಮ್ಮ ಮನಿ ಅದರೀ, ನಮ್ಮಪ್ಪ ಊರಿಗಿ ಹೋಗ್ಯಾನ,” ಎಂದು ಹೇಳಿ ಕಳಿಸುತ್ತಿದ್ದಳಂತೆ. ಒಳಗೆ ಚಾಚಾ, ಚಾಚಿ, ಆ ಹುಡುಗಿ, ಹಾಸಿಗೆ ಹಿಡಿದ ಅವಳ ಅಜ್ಜಿ.

“ಏಳು, ಹೋಗೋಣ,” ಎಂದ ಅಪ್ಪ.

“ನಾ ಎದ್ದರ ಇವರ ಗತಿ ಏನು? ಅಜ್ಜಿನ್ನ ಎಬ್ಬಿಸಲಾಕ ಬರಂಗಿಲ್ಲ. ನಾ ಬರಂಗಿಲ್ಲಪ್ಪ. ಚಾಚಿ ಮಗಳು, ಈ ಸಣ್ಣಾಕಿನ್ನ ಕರ್ಕೊಂಡು ಹೋಗ್ರಿ.”

ನಾನು ಅವಳನ್ನು ಬಡಿದೆ, ಕೈ ಹಿಡಿದು ಎಳೆದೆ, ಬಾಯಿಗೆ ಬಂದಂತೆ ಬೈದೆ. ಅವಳನ್ನು ಬಿಟ್ಟುಹೋದರೆ ಮತ್ತೆ ನೋಡುವುದಿಲ್ಲ ಎಂಬ ಭಯ ನನಗೆ. ಅವಳು ಬಾಗಿಲ ಚೌಕಟ್ಟು ಗಟ್ಟಿಯಾಗಿ ಹಿಡಿದುಕೊಂಡಳು, ನಾನು ಎಳೆಯುವುದನ್ನು ಬಿಡುವತನಕ ಹೊಸ್ತಿಲು ಬಿಟ್ಟು ಏಳಲಿಲ್ಲ. ಚಾಚಾ ಅಪ್ಪನ ಕಾಲಿಗೆ ಬಗ್ಗಿದ, ಅಪ್ಪ ಅವನನ್ನು ಹಿಡಿದೆತ್ತಿದ. ಮಾರಾಟವಾಗದ ಗೊನೆಗಳ ನಡುವೆ, ಅಕ್ಕ ಮಲಗಿದ್ದ ಜಾಗದಲ್ಲೇ ಆ ಹುಡುಗಿಯನ್ನು ಮಲಗಿಸಿದರು. ಅಕ್ಕ ಒಳಗಿನಿಂದ ಒಂದು ಹಣ್ಣಿನ ಚಿಪ್ಪು ತಂದು ಅವಳ ಎದೆಯ ಮೇಲಿಟ್ಟಳು. “ಎಲಿಯೊಳಗ ಕೈ ಬಂದ್ರ ಚೀರಬ್ಯಾಡ. ಇದನ್ನ ಆ ಕೈಗಿಡು, ಹೋಗ್ತಾರ,” ಎಂದು ಎರಡು ಸಲ ಹೇಳಿಸಿ ಕಲಿಸಿದಳು.

ನಾಕಾದಲ್ಲಿ ಈಗ ಬೇರೆ ಜನ. ಅಪ್ಪನ ಗುರುತಿನವರೂ ಇದ್ದರು, ಶರಣು ಎಂದರು. ನನಗೆ ಅವರ ಬಡಿಗೆಗಳು ಮಾತ್ರ ಕಾಣುತ್ತಿದ್ದವು. ಒಬ್ಬ ಬಂಡಿಯನ್ನು ಸುತ್ತಿ ನೋಡಿ, “ಪ್ಯಾಟಿ ಬಂದ್ ಅದ ಅಂತ ಗೊತ್ತಿರಲಿಲ್ಲೇನ್ರಿ ಸಾವ್ಕಾರ್ರ?” ಎಂದು ನಕ್ಕ. ಕೈ ಹಾಕಲಿಲ್ಲ.

ಅವ್ವ ಊರ ಅಗಸೆ ಬಾಗಿಲ ಹತ್ತಿರವೇ ನಿಂತಿದ್ದಳು. ಬಂಡಿಯ ಮೇಲೆ ನಾವಿಬ್ಬರೇ ಇರುವುದನ್ನು ಕಂಡಳು. ಮುಚ್ಚಿದ ಎಲೆಗಳನ್ನು ಕಂಡಳು. ಅಕ್ಕ ಹೋದಂತೆಯೇ ಬಂದಿದ್ದಾಳೆ ಎಂದುಕೊಂಡಳು. ಅಪ್ಪ ಬಾಯಿ ತೆರೆಯುವ ಮೊದಲೇ ಓಡಿಬಂದು, “ಬಂದ್ಯಾ ನನ್ನವ್ವ,” ಎಂದು ಮಗಳ ಮುಖ ತಡವಲು ಎಲೆಯೊಳಗೆ ಕೈ ಹಾಕಿದಳು.

ಎಲೆ ಸರಸರ ಎಂದಿತು. ಅವ್ವ ಕೈ ಹೊರಗೆ ತೆಗೆದಳು. ಕೈಯಲ್ಲಿ ಹಣ್ಣಿನ ಚಿಪ್ಪು.

ಅದನ್ನು ನೋಡುತ್ತ ನಿಂತಳು. ಒಳಗಿನಿಂದ ಸಣ್ಣ ದನಿಯೊಂದು, “ಲೇಲೋ... ಜಾವ್...” ಎಂದು, ತಗೊಳ್ರಿ, ಹೋಗ್ರಿ ಎಂದು ಬಿಕ್ಕುತ್ತಿತ್ತು. ನಾವು ಹೇಳದೆ ಮುಚ್ಚಿಟ್ಟಿದ್ದ ನಾಕಾದ ಸಂಗತಿ ಅವ್ವನಿಗೆ ಆಗ ತಿಳಿಯಿತೆಂದು ಕಾಣುತ್ತದೆ. ಅಪ್ಪನ ಮುಖ ನೋಡಿದಳು, ನನ್ನ ಮುಖ ನೋಡಿದಳು, ಬಂಡಿಯ ಗಾಲಿ ಹಿಡಿದುಕೊಂಡಳು. “ಅಕ್ಕ ಬರಲಿಲ್ಲವ್ವ, ಅಲ್ಲೇ ಕೂತಾಳ,” ಎಂದು ನಾನು ಹೋ ಎಂದು ಅತ್ತುಬಿಟ್ಟೆ.

ಅಕ್ಕ ದೀಪಾವಳಿಯ ಹೊತ್ತಿಗೆ ಬಂದಳು, ಚಾಚಾನೇ ಕರೆದುಕೊಂಡು ಬಂದ. ಆದರೆ ಆ ಸಂಜೆ ಅವಳು ಬರುತ್ತಾಳೆಂದು ಯಾರಿಗೆ ಗೊತ್ತಿತ್ತು? ಅವ್ವನಿಗೂ ಗೊತ್ತಿರಲಿಲ್ಲ. ಅವಳು ಚಿಪ್ಪನ್ನು ನನ್ನ ಮಡಿಲಲ್ಲಿಟ್ಟು, ಸೆರಗಿನಿಂದ ಕಣ್ಣೊರೆಸಿಕೊಂಡು, ಮತ್ತೆ ಎಲೆಯೊಳಗೆ ಕೈ ಹಾಕಿ ಆ ಹುಡುಗಿಯ ಕೈ ಹಿಡಿದಳು. “ಹಣ್ಣು ಬ್ಯಾಡ ನನಗ. ನೀ ಬಾ,” ಎಂದಳು.