ಅಪ್ಪನ ಕೈಗೆ ಮೀಸಲಿಟ್ಟ ಸಂಜೆ

ಅಪ್ಪನಿಗೆ ಲಕ್ವಾ ಹೊಡೆದು ಬಲಗೈ ಬಿದ್ದುಹೋದಾಗ, ಜಹೀರಾಬಾದಿನ ನಮ್ಮ ಮನೆಗೆ ಚರ್ಚಿನ ಇಡೀ ಸಭೆಯೇ ಪ್ರಾರ್ಥನೆಗೆ ಬರತೊಡಗಿತು. ಕಾಯಿಲೆ ಬಿದ್ದವರ ಮನೆಗೆ ಹೋಗದಿದ್ದರೆ ನಮ್ಮಲ್ಲಿ ಆ ಮಾತನ್ನು ವರ್ಷಗಟ್ಟಲೆ ಎತ್ತಿ ಆಡುತ್ತಾರೆ. ಹಾಗಾಗಿ ಯಾರೂ ತಪ್ಪಿಸುವುದಿಲ್ಲ. ಒಂದು ದಿನ ಕಂಗ್ಟಿಯವರು, ಇನ್ನೊಂದು ದಿನ ನಾರಾಯಣಖೇಡದವರು, ಆಟೋ ತುಂಬಾ ಜನ. ಹಾಡು, ಉದ್ದನೆಯ ಪ್ರಾರ್ಥನೆ, ಅದು ಮುಗಿಯಿತೆಂದು ಎಲ್ಲರ ಆಮೆನ್, ಆಮೇಲೆ ಚಹಾ. ಚಹಾ ಕುಡಿಯುವಾಗ ಯಾರಿಗೋ ಇನ್ನೊಂದು ಹಾಡು ನೆನಪಾಗುತ್ತಿತ್ತು.

ಆ ಪ್ರೀತಿಗೆ ನಾನು ಋಣಿ. ಆದರೂ ಒಳಗೊಳಗೇ ಕುದಿಯುತ್ತಿದ್ದೆ. ಕೈಗೆ ವ್ಯಾಯಾಮ ಹೇಳಿಕೊಟ್ಟ ಡಾಕ್ಟರಮ್ಮ ಮೊದಲ ದಿನವೇ ಎಚ್ಚರಿಸಿದ್ದರು: ಈಗಿನ ತಿಂಗಳುಗಳಲ್ಲಿ ದಿನವೂ ಬೆರಳು ಬಿಡಿಸಿ, ಮಣಿಕಟ್ಟು ತಿರುಗಿಸಿ ಕೈಯನ್ನು ದುಡಿಸಬೇಕು, ಬಿಟ್ಟರೆ ಹಾಗೇ ಸೆಟೆದುಕೊಳ್ಳುತ್ತದೆ. ನಾನೋ ಬೆಳಿಗ್ಗೆ ಮೊದಲ ಬಸ್ಸಿಗೆ ಓಡಿ, ಶಾಲೆಯಲ್ಲಿ ಪಾಠ ಮುಗಿಸಿ, ಸಂಜೆ ಮನೆ ಸೇರುವವಳು. ಕತ್ತಲಾದರೆ ಅಪ್ಪನಿಗೆ ನಿದ್ದೆ. ನಡುವೆ ನಮಗೆ ಸಿಗುತ್ತಿದ್ದದ್ದು ಆ ಹೊತ್ತೊಂದೇ. ಅದೇ ಹೊತ್ತಿನಲ್ಲಿ ಎಲ್ಲರೂ ಕಣ್ಣುಮುಚ್ಚಿ ಅಪ್ಪನ ಕೈಗಾಗಿ ಬೇಡುತ್ತಿದ್ದರು, ಆ ಕೈ ಮಾತ್ರ ಚಾದರದ ಮೇಲೆ ಸುಮ್ಮನೆ ಬಿದ್ದಿರುತ್ತಿತ್ತು.

ಒಂದು ಸಂಜೆ ಅವರೆಲ್ಲ ಹೋದಮೇಲೆ ಬೆರಳು ಬಿಡಿಸಲು ಹೋದರೆ ಅಪ್ಪ ನೋವಿಗೆ ನರಳಿದ. ಬೆರಳುಗಳು ಆಗಲೇ ಒಳಗೆ ಮಡಚಿಕೊಳ್ಳತೊಡಗಿದ್ದವು. ನನಗೆ ಭಯವಾಯಿತು. ಭಯದ ಹಿಂದೆಯೇ ಸಿಟ್ಟೂ ಬಂತು.

ಭಾನುವಾರ ಆರಾಧನೆ ಮುಗಿದ ಕೂಡಲೇ ಎದ್ದು ನಿಂತು ಹೇಳಿದೆ. ವಾರದ ಸಂಜೆಗಳೆಲ್ಲ ಅಪ್ಪನ ಕೈಗೆ ಮೀಸಲು, ಪ್ರಾರ್ಥನೆಗೆ ಭಾನುವಾರ ಮಧ್ಯಾಹ್ನ ಬನ್ನಿ, ಬೇಕಾದಷ್ಟು ಹೊತ್ತು ಕೂರಿ ಎಂದೆ. ಸಮಯ ದೇವರ ಸೊತ್ತು, ಹಾಳು ಮಾಡಬಾರದು ಎಂದು ಆಗಷ್ಟೇ ಪಾದ್ರಿಗಳ ಪ್ರಸಂಗ ಕೇಳಿ ತಲೆದೂಗಿದ್ದವರೇ ಮುಖ ಸಿಂಡರಿಸಿದರು. ಟೀಚರಮ್ಮನಿಗೆ ಕೊಂಬು ಬಂದಿದೆ ಎಂದು ಯಾರೋ ಹಿಂದಿನ ಸಾಲಿನಲ್ಲಿ ಗೊಣಗಿದರು. ಬಂದರೆ ಬರಲಿ ಎಂದುಕೊಂಡೆ.

ಸುದ್ದಿ ಕೇಳಿ ತಾಂಡೂರಿನಿಂದ ಸೋದರತ್ತೆಯೇ ಬಂದಳು, ಅದೂ ವಾರದ ನಡುವೆ, ಸರಿಯಾಗಿ ಸಂಜೆಗೆ. ಅಪ್ಪನ ಅಕ್ಕ, ಪ್ರಾರ್ಥನೆಯಲ್ಲಿ ದೊಡ್ಡ ಹೆಸರು. ಆಕೆಯ ಪ್ರಾರ್ಥನೆ ಲೋಕದ ಸೃಷ್ಟಿಯಿಂದ ಹೊರಟು, ಬೈಬಲಿನ ಐಗುಪ್ತ ದೇಶ ದಾಟಿ, ನಮ್ಮ ಮನೆಯ ಹೊಸ್ತಿಲಿಗೆ ಬರುವಷ್ಟರಲ್ಲಿ ಚಹಾ ಆರಿರುತ್ತದೆ. ನಾನು ಎಣ್ಣೆ ಬೆಚ್ಚಗೆ ಮಾಡಿಕೊಂಡು ಅಪ್ಪನ ಪಕ್ಕ ಕೂತಿದ್ದೆ.

"ದೇವರಿಗಿ ಭಾನುವಾರ ಬಾ ಅಂದಿಯಂತಲ್ಲ," ಅಂದಳು.

"ದೇವರಿಗಿ ಅಂದಿಲ್ಲರಿ ಅತ್ತಿ, ಮಂದಿಗಿ ಅಂದೀನಿ. ಈ ಹೊತ್ತು ದೇವರೇ ಕೊಟ್ಟದ್ದದ. ಇದು ಹೋತಂದ್ರ ಅಪ್ಪನ ಕೈಯೂ ಹೋತು."

ಅತ್ತೆ ಸೆರಗು ತಲೆಗೆಳೆದುಕೊಂಡು, ಕಣ್ಣುಮುಚ್ಚಿ ಶುರುಮಾಡಿಯೇಬಿಟ್ಟಳು. ಹಿರಿಯರ ಪ್ರಾರ್ಥನೆಯ ನಡುವೆ ಕದಲುವುದು ನಮ್ಮಲ್ಲಿ ದೊಡ್ಡ ಅಪಚಾರ. ಎಣ್ಣೆಯ ಬಟ್ಟಲು ಹಿಡಿದು, ಏನಾದರಾಗಲಿ ಎಂದು ಅಪ್ಪನ ಕೈಯತ್ತ ಬಾಗಿದೆ.

ಅಷ್ಟರಲ್ಲಿ, ಲಕ್ವಾ ಹೊಡೆದಂದಿನಿಂದ ಒಂದು ಮಾತೂ ನೆಟ್ಟಗೆ ಆಡದಿದ್ದ ಅಪ್ಪ, ತೊದಲುತ್ತಲೇ, ಮನೆಯೆಲ್ಲ ಕೇಳುವಂತೆ ಅಂದ:

"ಆಮೆನ್."

ಅತ್ತೆ ಇನ್ನೂ ಐಗುಪ್ತದಲ್ಲೇ ಇದ್ದಳು. ಬಾಯಿ ತೆರೆದಂತೆಯೇ ನಿಂತಿತು. ಅಪ್ಪ ಆಕೆಯತ್ತ ನೋಡಲಿಲ್ಲ. ಎಡಗೈಯಿಂದ ತನ್ನ ಬಲಗೈಯನ್ನು ಎತ್ತಿ ತಂದು ನನ್ನ ಮಡಿಲಲ್ಲಿಟ್ಟ. ನಾನು ಹೆಬ್ಬೆರಳಿನಿಂದ ಶುರುಮಾಡಿದೆ.